ವಿ-1 ಹಿಪ್ಪುನೇರಳೆ ತೋಟದಲ್ಲಿ ಏಳೆಂಟು ಗಿಡ ಬೇರೆಯೇ ಕಾಣ್ತಿವೆ: ಕಡ್ಡಿ ತೆಗೆದು ಮಡಿ ಮಾಡಿದರೆ ಆ ಗುಣ ಮುಂದಕ್ಕೆ ಬರುತ್ತಾ?

ತೊರೆನೂರು ಬಯಲು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕುಶಾಲನಗರ ತಾಲೂಕು ತೊರೆನೂರು ಕಡೆ ನಮ್ಮದು ಒಂದೂವರೆ ಎಕರೆ ವಿ-1 ಹಿಪ್ಪುನೇರಳೆ. ಜೋಡಿ ಸಾಲು, 3+5 ಅಡಿ ಸಾಲಿನ ಅಂತರ, ಗಿಡದಿಂದ ಗಿಡಕ್ಕೆ 2 ಅಡಿ, ಡ್ರಿಪ್ ಇದೆ. ಕೆಂಪು ಮಣ್ಣು. ಅದರಲ್ಲಿ ಅರ್ಧ ಎಕರೆ ಹಿಂದೆ ಶುಂಠಿ ಹಾಕಿದ್ದ ಜಾಗ. ತೋಟಕ್ಕೆ ಈಗ ನಾಲ್ಕನೇ ವರ್ಷ.

ಇದರಲ್ಲಿ ಏಳೆಂಟು ಗಿಡ ಪ್ರತಿ ಕಟಾವಿನಲ್ಲೂ ಎದ್ದು ಕಾಣುತ್ತವೆ. ಉಳಿದವಕ್ಕಿಂತ ಮೊದಲು ಚಿಗುರುತ್ತವೆ, ಎಲೆ ದಪ್ಪ ಮತ್ತು ಅಗಲ, ಮಳೆಗಾಲ ಕಳೆದ ಮೇಲೆ ಎಲೆ ಚುಕ್ಕೆಯೂ ಕಡಿಮೆ. ನನ್ನ ಪ್ರಶ್ನೆ ಮೂರು. ಇವುಗಳಿಂದ ಮಾತ್ರ ಕಡ್ಡಿ ತೆಗೆದು ಸಸಿ ಮಾಡಿದರೆ ಅದೇ ಗುಣ ಬರುತ್ತಾ? ಹಣ್ಣಿನ ಬೀಜ ಬಿತ್ತಿ ಒಳ್ಳೆಯದನ್ನು ಆರಿಸಿಕೊಳ್ಳೋದು ರೈತರಿಗೆ ಸಾಧ್ಯವಾ? ಇನ್ನೊಂದು, ವಿರಾಜಪೇಟೆ ಕಡೆ ನಮ್ಮ ಭಾವನವರು ಕಾಫಿ ತೋಟದ ಅಂಚಿನಲ್ಲಿ, ಸಿಲ್ವರ್ ಓಕ್ ನೆರಳು ಬೀಳೋ ಕಡೆ, ಅರ್ಧ ಎಕರೆ ಹಾಕಬೇಕು ಅಂತಿದ್ದಾರೆ. ಅಲ್ಲಿಗೆ ಯಾವ ಗುಣ ನೋಡಿ ಆರಿಸಬೇಕು?

---

ಕಡ್ಡಿ ಮಡಿ

ಅಣ್ಣ, ಮೊದಲನೇ ಪ್ರಶ್ನೆಗೆ ಉತ್ತರ: ಬಹುಮಟ್ಟಿಗೆ ಬರೋದಿಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿ ಬರೀತೀನಿ, ಯಾಕಂದರೆ ಎಷ್ಟೋ ಜನ ಇದೇ ಜಾಗದಲ್ಲಿ ವರ್ಷಗಟ್ಟಲೆ ಶ್ರಮ ಕಳೆದುಕೊಳ್ತಾರೆ.

ವಿ-1 ಅನ್ನೋದು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ 1997ರಲ್ಲಿ ಬಿಡುಗಡೆ ಮಾಡಿದ ತಳಿ. ಎಸ್-30 ಮತ್ತು ಬರ್ಹಾಂಪುರದ ಸಿ-776 ಇವೆರಡನ್ನು ಸಂಕರ ಮಾಡಿದಾಗ ಬಂದ ಬೀಜದ ಸಸಿಗಳಲ್ಲಿ ಆರಿಸಿದ ಒಂದೇ ಒಂದು ಸಸಿ ಅದರ ಮೂಲ. ಅಲ್ಲಿಂದ ಇಲ್ಲಿಯವರೆಗೆ ಕಡ್ಡಿಯಿಂದ ಕಡ್ಡಿಗೆ ಬಂದಿದೆ. ಹಾಗಾಗಿ ನಿಮ್ಮ ಒಂದೂವರೆ ಎಕರೆಯಲ್ಲಿರೋ ಸುಮಾರು 8,000 ಗಿಡವೂ ಆನುವಂಶಿಕವಾಗಿ ಒಂದೇ ಗಿಡ. ಕಣ್ಣಿಗೆ ಕಾಣೋ ವ್ಯತ್ಯಾಸದಲ್ಲಿ ಎರಡು ಪಾಲು ಇರುತ್ತೆ: ತಳಿಯಿಂದ ಬಂದದ್ದು, ಜಾಗದಿಂದ ಬಂದದ್ದು. ಒಂದೇ ತಳಿಯ ಕಡ್ಡಿ ತೋಟದಲ್ಲಿ ಮೊದಲನೇ ಪಾಲು ಸೊನ್ನೆ. ಮಣ್ಣು, ನೀರು, ಗೊಬ್ಬರ, ಬೇರಿನ ಆರೋಗ್ಯ, ನೆಡುವಾಗ ಕಡ್ಡಿ ಎಷ್ಟು ದಪ್ಪ ಇತ್ತು ಅನ್ನೋದು, ಇವೇ ವ್ಯತ್ಯಾಸ ಹುಟ್ಟಿಸುತ್ತವೆ. ಇವು ಯಾವುವೂ ಕಡ್ಡಿಯ ಜೊತೆ ಹೊಸ ಮಡಿಗೆ ಬರೋದಿಲ್ಲ.

ಹಾಗಂತ ಏಳೆಂಟು ಗಿಡವನ್ನೂ ತಳ್ಳಿಹಾಕಬೇಡಿ. ಎರಡು ಸಂದರ್ಭದಲ್ಲಿ ಮಾತ್ರ ವ್ಯತ್ಯಾಸ ನಿಜವಾಗಿರುತ್ತೆ. ಒಂದು, ಸಸಿ ತಂದ ಕಡೆಯೇ ಬೇರೆ ತಳಿಯ ಕಡ್ಡಿ ಬೆರೆತಿರಬಹುದು. ಇದು ತುಂಬ ಸಾಮಾನ್ಯ. ಎಸ್-36 ಬೆರೆತಿದ್ದರೆ ಎಲೆ ಹೃದಯಾಕಾರ, ಅಗಲ, ಹೊಳಪಿರುವ ತಿಳಿ ಹಸಿರು. ವಿ-1 ಎಲೆ ಕಡು ಹಸಿರು, ದಪ್ಪ, ರೆಂಬೆ ನೆಟ್ಟಗೆ ಮೇಲಕ್ಕೆ ಹೋಗುತ್ತೆ. ಹೋಲಿಸುವಾಗ ತುದಿಯಿಂದ ಐದರಿಂದ ಏಳನೇ ಎಲೆಯನ್ನೇ ನೋಡಿ. ಹಿಪ್ಪುನೇರಳೆಯಲ್ಲಿ ಒಂದೇ ಗಿಡದ ಬೇರೆ ಬೇರೆ ರೆಂಬೆಯಲ್ಲಿ ಎಲೆಯ ಆಕಾರ ಬದಲಾಗೋದುಂಟು, ಬುಡದ ಚಿಗುರಿನಲ್ಲಿ ಸೀಳಿದ ಎಲೆ ಬಂದರೆ ಅದನ್ನೇ ಬೇರೆ ತಳಿ ಅಂದುಕೊಳ್ಳಬಾರದು. ಎರಡನೇ ಸಂದರ್ಭ ಕಣ್ಣಿನಲ್ಲಿ (ರೆಂಬೆಯಲ್ಲಿ ಚಿಗುರೊಡೆಯುವ ಮೊಗ್ಗು) ಆಗುವ ಮ್ಯುಟೇಶನ್, ಅಂದರೆ ಜೀನ್‌ನಲ್ಲಿ ಆಗುವ ಬದಲಾವಣೆ. ಅದು ಅಪರೂಪ, ಆದರೆ ಆಗೋದೇ ಇಲ್ಲ ಅನ್ನೋ ಹಾಗಿಲ್ಲ. ಹಾಗಾದಾಗ ಸಾಮಾನ್ಯವಾಗಿ ಇಡೀ ಗಿಡ ಬದಲಾಗಿರೋದಿಲ್ಲ, ಒಂದು ರೆಂಬೆ ಮಾತ್ರ ಬೇರೆ ಇರುತ್ತೆ. ಏಳೆಂಟು ಗಿಡ ಒಟ್ಟಿಗೆ ಮ್ಯುಟೇಶನ್ ಆಗಿವೆ ಅನ್ನೋದನ್ನು ನಂಬಲಿಕ್ಕಾಗಲ್ಲ.

ಈಗಲೇ ಮಾಡಬಹುದಾದ ಪರೀಕ್ಷೆ ಇದು. ಆ ಗಿಡಗಳು ತೋಟದಲ್ಲಿ ಎಲ್ಲಿವೆ ಅಂತ ಕಾಗದದ ಮೇಲೆ ಗುರುತು ಹಾಕಿ. ಒಂದೇ ಕಡೆ ಗುಂಪಾಗಿದ್ದರೆ, ಡ್ರಿಪ್ ಲೈನಿನ ಶುರುವಿನಲ್ಲಿದ್ದರೆ, ಬದುವಿನ ಪಕ್ಕ ಅಥವಾ ಗೊಬ್ಬರ ಗುಡ್ಡೆ ಹಾಕುತ್ತಿದ್ದ ಜಾಗದಲ್ಲಿದ್ದರೆ, ಪಕ್ಕದ ಗಿಡ ಸತ್ತು ಬಿಸಿಲು-ಜಾಗ ಜಾಸ್ತಿ ಸಿಕ್ಕಿದ್ದರೆ ಅಲ್ಲಿಗೆ ಕಾರಣ ಸಿಕ್ಕಿತು. ಆಮೇಲೆ ಶುಂಠಿ ಹಾಕಿದ್ದ ಅರ್ಧ ಎಕರೆಯಲ್ಲಿ ಸಾಧಾರಣ ಗಿಡ ಎರಡರ ಬುಡ ಒಂದು ಅಡಿ ಅಗೆದು ಸಣ್ಣ ಬೇರು ನೋಡಿ. ಬೇರು ಗಂಟಿನ ಜಂತು ಹುಳು ಶುಂಠಿಗೂ ಹಿಪ್ಪುನೇರಳೆಗೂ ಒಂದೇ.

---

ತೊರೆನೂರು ಬಯಲು

ಧನ್ಯವಾದ ಸರ್. ಗುರುತು ಹಾಕಿ ನೋಡಿದೆ. ಎಂಟರಲ್ಲಿ ಐದು ಶುಂಠಿ ಜಾಗದ ಒಳಗೇ ಇವೆ. ಅಲ್ಲಿ ಅಗೆದ ಸಾಧಾರಣ ಗಿಡಗಳ ಬೇರಲ್ಲಿ ಮಣಿ ಮಣಿ ಗಂಟು ತುಂಬಿವೆ, ಚೆನ್ನಾಗಿರೋ ಗಿಡದ ಬೇರಲ್ಲಿ ಕಡಿಮೆ. ಉಳಿದ ಮೂರು ಗಿಡ ಬೇರೆ ಬೇರೆ ಕಡೆ ಇವೆ, ಸುತ್ತ ಏನೂ ವಿಶೇಷ ಕಾಣಲ್ಲ. ಆ ಐದಕ್ಕೆ ಜಂತು ಹುಳು ತಡೆಯೋ ಶಕ್ತಿ ಇದೆ ಅಂತ ಹೇಳಬಹುದಾ?

---

ಕಡ್ಡಿ ಮಡಿ

ಹೇಳಲಿಕ್ಕಾಗಲ್ಲ. ಜಂತು ಹುಳು ಹೊಲದ ತುಂಬ ಸಮನಾಗಿ ಹರಡಿರಲ್ಲ, ತೇಪೆ ತೇಪೆಯಾಗಿ ಇರುತ್ತೆ. ಆ ಐದು ಗಿಡದ ಬುಡಕ್ಕೆ ಹುಳು ತಲುಪದೆ ಇರೋದೇ ಹೆಚ್ಚು ಸಾಧ್ಯ. ಅಂದರೆ ಅವು ವಿ-1 ಇರಬೇಕಾದ ಹಾಗೆ ಇವೆ, ಸುತ್ತಲಿನವು ಸೊರಗಿವೆ. ಆ ಜಾಗಕ್ಕೆ ಮಾಡಬೇಕಾದ ಕೆಲಸ ತಳಿ ಆಯ್ಕೆಯದ್ದಲ್ಲ: ಎಕರೆಗೆ ವರ್ಷಕ್ಕೆ 800 ಕೆಜಿ ಬೇವಿನ ಹಿಂಡಿಯನ್ನು ನಾಲ್ಕು ಕಂತಿನಲ್ಲಿ ಬುಡಕ್ಕೆ ಕೊಟ್ಟು ಮಣ್ಣು ಮುಚ್ಚಿ, ಸಾಲಿನ ನಡುವೆ ಚೆಂಡು ಹೂ ಹಾಕಿ. ಅಲ್ಲಿ ಸಸಿಮಡಿ ಮಾತ್ರ ಮಾಡಬೇಡಿ, ಸಸಿಯ ಬೇರಿನ ಜೊತೆ ಹುಳು ಹೊಸ ತೋಟಕ್ಕೂ ಹೋಗುತ್ತೆ.

ಉಳಿದ ಮೂರು ಗಿಡ ಪರೀಕ್ಷೆಗೆ ಯೋಗ್ಯ. ಅದನ್ನು ಹೀಗೆ ಮಾಡಿ.

ಆರರಿಂದ ಎಂಟು ತಿಂಗಳು ಬಲಿತ ರೆಂಬೆ ಬೇಕು, ಅಂದರೆ ಆ ಗಿಡಗಳನ್ನು ಎರಡು-ಮೂರು ಕಟಾವಿಗೆ ಮುಟ್ಟದೆ ಬಿಡಬೇಕು. ಹೋಲಿಕೆಗೆ ಅಷ್ಟೇ ಸಂಖ್ಯೆಯ ಸಾಧಾರಣ ವಿ-1 ಗಿಡವನ್ನೂ ಅದೇ ದಿನದಿಂದ ಬಿಡಿ. ಫೆಬ್ರವರಿಯಲ್ಲಿ ರೆಂಬೆಯ ಎಳೆ ತುದಿ ಮತ್ತು ತೀರ ಬುಡ ಬಿಟ್ಟು ನಡುಭಾಗದಿಂದ ಪೆನ್ಸಿಲ್ ದಪ್ಪದ, 15ರಿಂದ 20 ಸೆಂ.ಮೀ. ಉದ್ದದ, ಮೂರು-ನಾಲ್ಕು ಕಣ್ಣಿರುವ ತುಂಡು ಮಾಡಿ. ಪ್ರತಿ ಗಿಡದಿಂದ 25 ತುಂಡು. ದಪ್ಪ ತುಂಡು ಒಂದು ಕಡೆ, ಸಣ್ಣದು ಇನ್ನೊಂದು ಕಡೆ ಆಗಬಾರದು. ಶುರುವಿನ ಒಂದು ವರ್ಷ ತುಂಡಿನ ದಪ್ಪವೇ ಗಿಡದ ಬೆಳವಣಿಗೆಯಲ್ಲಿ ಕಾಣುತ್ತೆ, ನೋಡುವವರಿಗೆ ತಳಿಯ ಗುಣ ಅನ್ನಿಸಿಬಿಡುತ್ತೆ. ಮಡಿಯಲ್ಲಿ ಸಾಲಿನಿಂದ ಸಾಲಿಗೆ 20 ಸೆಂ.ಮೀ., ತುಂಡಿನಿಂದ ತುಂಡಿಗೆ 8 ಸೆಂ.ಮೀ., ಸ್ವಲ್ಪ ಓರೆಯಾಗಿ, ಒಂದು ಕಣ್ಣು ಮಾತ್ರ ಮೇಲೆ ಕಾಣುವಂತೆ ಚುಚ್ಚಿ. 60ನೇ ದಿನ ಎಷ್ಟು ಬೇರು ಬಿಟ್ಟಿವೆ ಎಣಿಸಿ ಬರೆದಿಡಿ. ಬರೀ ಚಿಗುರಿದ್ದನ್ನು ಎಣಿಸಬೇಡಿ. ತುಂಡಿನ ಒಳಗಿನ ಆಹಾರದಲ್ಲೇ ಚಿಗುರಿ, ಬೇರಿಲ್ಲದೆ ಒಣಗುವವು ಬೇಕಾದಷ್ಟು ಇರುತ್ತವೆ. ನೂರಕ್ಕೆ 80ಕ್ಕಿಂತ ಕಡಿಮೆ ಬೇರು ಬಿಡುವ ಗಿಡ ಸೊಪ್ಪು ಎಷ್ಟೇ ಕೊಟ್ಟರೂ ಹರಡಲಿಕ್ಕೆ ಕಷ್ಟ.

ಜೂನ್-ಜುಲೈನಲ್ಲಿ ಶುಂಠಿ ಹಾಕದ ಜಾಗಕ್ಕೆ ಜೋಡಿ ಜೋಡಿಯಾಗಿ ನೆಡಿ: ಪರೀಕ್ಷೆಯ ಗಿಡ ಒಂದು, ಅದರ ಪಕ್ಕದಲ್ಲೇ ಸಾಧಾರಣ ವಿ-1 ಒಂದು. ಹೀಗೆ ಪ್ರತಿ ಆಯ್ಕೆಗೆ ಹತ್ತು ಜೋಡಿ. ಮೂರು ಆಯ್ಕೆಗೆ 60 ಗಿಡ, ಸುತ್ತ ಕಾವಲು ಸಾಲು ಸೇರಿ ಎರಡು-ಮೂರು ಸೆಂಟು ಜಾಗ ಸಾಕು. ಮೊದಲ ಎರಡು ಕಟಾವಿನ ಲೆಕ್ಕ ಬಿಟ್ಟುಬಿಡಿ. ಆಮೇಲೆ ಮಳೆಗಾಲ, ಚಳಿಗಾಲ, ಬೇಸಿಗೆ ಸೇರುವಂತೆ ನಾಲ್ಕು ಕಟಾವು, 65-70 ದಿನಕ್ಕೊಮ್ಮೆ, ಪ್ರತಿ ಗಿಡದ ರೆಂಬೆ ಒಟ್ಟು ತೂಕ, ಬಿಡಿಸಿದ ಸೊಪ್ಪಿನ ತೂಕ ಎರಡನ್ನೂ ಬರೆಯಿರಿ. ವಿ-1ಗೆ ಹೆಕ್ಟೇರಿಗೆ ವರ್ಷಕ್ಕೆ 60 ಟನ್ ಅಂತ ಹಿಡಿದರೆ ಈ ಅಂತರದಲ್ಲಿ ಗಿಡಕ್ಕೆ ಕಟಾವಿಗೆ ಸುಮಾರು 850 ಗ್ರಾಂ ಸೊಪ್ಪು ಬರಬೇಕು. ನಿಮ್ಮ ಸಾಧಾರಣ ಗಿಡಗಳು ಅದಕ್ಕಿಂತ ತುಂಬ ಕೆಳಗಿದ್ದರೆ ಮೊದಲು ಗೊಬ್ಬರ ನೋಡಿ. ವಿ-1ಗೆ ಶಿಫಾರಸು ಹೆಕ್ಟೇರಿಗೆ ವರ್ಷಕ್ಕೆ ಸಾರಜನಕ 350, ರಂಜಕ 140, ಪೊಟ್ಯಾಷ್ 140 ಕೆಜಿ, ಐದು ಕಂತಿನಲ್ಲಿ, ಜೊತೆಗೆ 20 ಟನ್ ಕೊಟ್ಟಿಗೆ ಗೊಬ್ಬರ.

ಕೊನೆಗೆ ಹತ್ತು ಜೋಡಿಯಲ್ಲಿ ಎಷ್ಟರಲ್ಲಿ ನಿಮ್ಮ ಗಿಡ ಗೆದ್ದಿದೆ ಎಣಿಸಿ. ಎರಡೂ ಒಂದೇ ಆಗಿದ್ದರೂ ಬರೀ ಅದೃಷ್ಟದಿಂದ ಹತ್ತರಲ್ಲಿ ಎಂಟು ಅಥವಾ ಹೆಚ್ಚು ಗೆಲ್ಲುವ ಸಾಧ್ಯತೆ ನೂರಕ್ಕೆ ಸುಮಾರು 5.5. ಒಂಬತ್ತು ಅಥವಾ ಹೆಚ್ಚು ಗೆಲ್ಲುವ ಸಾಧ್ಯತೆ ನೂರಕ್ಕೆ 1. ಮೂರು ಗಿಡ ಒಟ್ಟಿಗೆ ಪರೀಕ್ಷೆ ಮಾಡುವಾಗ ಯಾವುದೋ ಒಂದು ಅದೃಷ್ಟದಿಂದ ಗೆಲ್ಲೋ ಸಾಧ್ಯತೆ ಇನ್ನೂ ಹೆಚ್ಚು. ಹಾಗಾಗಿ ಒಂಬತ್ತಕ್ಕಿಂತ ಕಡಿಮೆ ಬಂದರೆ ಅದನ್ನು ವಿ-1 ಅಂತಲೇ ಇಟ್ಟುಕೊಳ್ಳಿ.

---

ಗೂಡು ಲೆಕ್ಕ

ಮೇಲೆ ಬರೆದದ್ದೆಲ್ಲ ಸರಿ, ಆದರೆ ಸೊಪ್ಪಿನ ತೂಕಕ್ಕೆ ನಿಲ್ಲಿಸಬೇಡಿ. ದಪ್ಪ, ಅಗಲ ಎಲೆ ನೋಡಿ ಮನಸ್ಸು ಸೋಲುವುದು ಸಹಜ, ಕೊನೆಯ ತೀರ್ಪು ಕೊಡೋದು ರೇಷ್ಮೆ ಹುಳು.

ಹಿಪ್ಪುನೇರಳೆಯಲ್ಲಿ ಗುಣಗಳು ಒಂದಕ್ಕೊಂದು ಎಳೆದಾಡುತ್ತವೆ. ಎಲೆ ದೊಡ್ಡದಾದರೆ ಗೆಣ್ಣಿನ ಅಂತರವೂ ಹೆಚ್ಚಿ, ಒಂದು ಮೀಟರ್ ರೆಂಬೆಗೆ ಬರುವ ಎಲೆ ಕಡಿಮೆಯಾಗಬಹುದು. ತೊಟ್ಟು ದಪ್ಪವಾದರೆ ತಕ್ಕಡಿಯಲ್ಲಿ ತೂಕ ಕಾಣುತ್ತೆ, ಹುಳು ಅದನ್ನು ತಿನ್ನಲ್ಲ. ಅದಕ್ಕೆ ಪ್ರತಿ ಗಿಡದಲ್ಲಿ ರೆಂಬೆಗಳ ಸಂಖ್ಯೆ, ಅತಿ ಉದ್ದದ ರೆಂಬೆಯ ಉದ್ದ, ಮೀಟರಿಗೆ ಎಲೆ ಎಷ್ಟು, ನೂರು ಎಲೆಯ ತೂಕ, ತೊಟ್ಟು ಬಿಟ್ಟು ಹಾಳೆಯ ತೂಕ ಇಷ್ಟನ್ನು ಬೇರೆ ಬೇರೆಯಾಗಿ ಬರೆಯಬೇಕು. ಇವುಗಳಲ್ಲಿ ಯಾವುದು ಹೆಚ್ಚಿದ್ದರಿಂದ ಸೊಪ್ಪು ಹೆಚ್ಚಿತು ಅನ್ನೋದು ಆಗ ಗೊತ್ತಾಗುತ್ತೆ.

ತೇವಾಂಶ ಅಳೆಯೋದು ಸುಲಭ. ಬೆಳಿಗ್ಗೆ ಕೊಯ್ದ ತಕ್ಷಣ 25 ಎಲೆ ತೂಗಿ. ಹುಳು ಮನೆಯಲ್ಲೇ ಗಾಳಿಗೆ ಹರಡಿ 6 ಗಂಟೆ ಬಿಟ್ಟು ಮತ್ತೆ ತೂಗಿ. ಆಮೇಲೆ 80 ಡಿಗ್ರಿಯ ಓವನ್‌ನಲ್ಲಿ ತೂಕ ಇಳಿಯೋದು ನಿಲ್ಲುವವರೆಗೆ ಒಣಗಿಸಿ ತೂಗಿ. ತಾಜಾ ತೂಕದಿಂದ ಒಣ ತೂಕ ಕಳೆದರೆ ಒಟ್ಟು ನೀರು. 6 ಗಂಟೆಯ ತೂಕದಿಂದ ಒಣ ತೂಕ ಕಳೆದರೆ ಉಳಿದ ನೀರು. ಉಳಿದದ್ದನ್ನು ಒಟ್ಟಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ನೀರು ಹಿಡಿದಿಡುವ ಶಕ್ತಿ ಬಂತು. ಓವನ್ ಇಲ್ಲದಿದ್ದರೆ 6 ಗಂಟೆಯಲ್ಲಿ ನೂರು ಗ್ರಾಂಗೆ ಎಷ್ಟು ಗ್ರಾಂ ಇಳಿಯಿತು ಅನ್ನೋದನ್ನಷ್ಟೇ ಪಕ್ಕದ ವಿ-1 ಜೊತೆ ಹೋಲಿಸಿ. ಎರಡೂ ಒಂದೇ ಹೊತ್ತಿನಲ್ಲಿ, ಒಂದೇ ಕೋಣೆಯಲ್ಲಿ ಇರಬೇಕು. ಚಾಕಿ ಹುಳುವಿಗೆ (ಎಳೆ ಹುಳು) ನೂರಕ್ಕೆ 80ರ ಹತ್ತಿರ ತೇವಾಂಶ ಬೇಕು, ದೊಡ್ಡ ಹುಳುವಿಗೆ 70ರಿಂದ 75 ಸಾಕು.

ಹುಳು ಪರೀಕ್ಷೆ: ಎಲ್ಲ ಹುಳುವನ್ನೂ ಒಂದೇ ಸೊಪ್ಪಿನಲ್ಲಿ ಮೂರನೇ ಜ್ವರದವರೆಗೆ (ಹುಳು ಪೊರೆ ಬಿಡುವ ಹಂತ) ಸಾಕಿ. ಜ್ವರದಿಂದ ಎದ್ದ ಮೇಲೆ ಎಣಿಸಿ ಬೇರೆ ಮಾಡಿ, ಪ್ರತಿ ಆಯ್ಕೆಗೆ ನೂರು ಹುಳುವಿನ ಮೂರು ತಟ್ಟೆ, ವಿ-1ಗೂ ಮೂರು ತಟ್ಟೆ. ನೂರು ಮೊಟ್ಟೆಯ (ಅಂದರೆ ನೂರು ಚಿಟ್ಟೆ ಇಟ್ಟ ಮೊಟ್ಟೆ ಗುಂಪಿನ) ದ್ವಿತಳಿ ಹುಳು ಸಾಕಣೆಗೆ ಸಾವಿರದಿಂದ ಸಾವಿರದ ಇನ್ನೂರು ಕೆಜಿ ಸೊಪ್ಪು ಅನ್ನೋ ಲೆಕ್ಕದಲ್ಲಿ ಒಂದು ಹುಳುವಿಗೆ 25 ಗ್ರಾಂ ಹತ್ತಿರ ಆಗುತ್ತೆ, 300 ಹುಳುವಿಗೆ ಏಳೂವರೆ ಕೆಜಿ. ನಿಮ್ಮ ಹತ್ತು ಗಿಡದ ಒಂದು ಕಟಾವು ಇದಕ್ಕೆ ಸರಿಹೋಗುತ್ತೆ, ಉಳಿಯಲ್ಲ. ತಟ್ಟೆಗಳ ಜಾಗವನ್ನು ದಿನಾ ಬದಲಿಸಿ, ಕಿಟಕಿ ಹತ್ತಿರದ ತಟ್ಟೆ ಯಾವಾಗಲೂ ಬೇರೆಯೇ ಬರುತ್ತೆ. ಬರೆಯಬೇಕಾದ್ದು: ಐದನೇ ಹಂತದ ಕೊನೆಯಲ್ಲಿ ಹತ್ತು ಹುಳುವಿನ ತೂಕ, ನೂರಕ್ಕೆ ಎಷ್ಟು ಗೂಡು ಕಟ್ಟಿದವು, ಒಂದು ಗೂಡಿನ ತೂಕ, ಕೋಶ (ಗೂಡಿನೊಳಗಿನ ಹುಳು) ತೆಗೆದ ಮೇಲೆ ಗೂಡಿನ ಚಿಪ್ಪಿನ ತೂಕ. ಚಿಪ್ಪಿನ ತೂಕವನ್ನು ಗೂಡಿನ ತೂಕದಿಂದ ಭಾಗಿಸಿದರೆ ರೇಷ್ಮೆ ಅಂಶ. ಹೆಣ್ಣು ಗೂಡು ಭಾರ ಇದ್ದು ಚಿಪ್ಪಿನ ಪಾಲು ಕಡಿಮೆ ಬರುತ್ತೆ, ಹಾಗಾಗಿ ಎರಡೂ ಕಡೆ ಗಂಡು-ಹೆಣ್ಣು ಸಮನಾಗಿ ತೆಗೆದುಕೊಂಡು ತೂಗಬೇಕು. ಇದನ್ನು ಮರೆತರೆ ಇಲ್ಲದ ವ್ಯತ್ಯಾಸ ಕಾಣುತ್ತೆ.

ಎಲೆ ಚುಕ್ಕೆಗೂ ಅಂಕೆ ಇಟ್ಟುಕೊಳ್ಳಿ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ಕಟಾವಾದ 45 ಮತ್ತು 60ನೇ ದಿನ, ಪ್ರತಿ ಗಿಡದಲ್ಲಿ 20 ಎಲೆ. ಚುಕ್ಕೆ ಇಲ್ಲದಿದ್ದರೆ 0, ಎಲೆಯ ನೂರಕ್ಕೆ 5ರವರೆಗೆ ಚುಕ್ಕೆ ಇದ್ದರೆ 1, 10ರವರೆಗೆ 2, 25ರವರೆಗೆ 3, 50ರವರೆಗೆ 4, ಅದರ ಮೇಲೆ 5. ಇಪ್ಪತ್ತು ಎಲೆಯ ಅಂಕೆ ಕೂಡಿಸಿದಾಗ 34 ಬಂತು ಅನ್ನಿ, 20×5 ಅಂದರೆ 100ಕ್ಕೆ 34 ರೋಗ ಸೂಚ್ಯಂಕ. ಆ ಸಾಲುಗಳಿಗೆ ಶಿಲೀಂಧ್ರನಾಶಕ ಹೊಡೆಯಬಾರದು. ಇನ್ನೊಂದು ಎಚ್ಚರ: ಚುಕ್ಕೆ ಬಲಿತ ಎಲೆಗೆ ಹೆಚ್ಚು. ನಿಮ್ಮ ಗಿಡ ಮೊದಲು ಚಿಗುರುತ್ತೆ ಅಂದಿರಿ, ಅಂದರೆ ಅದರ ಎಲೆಗೆ ವಯಸ್ಸು ಹೆಚ್ಚು, ರೋಗವುಳ್ಳ ಎಲೆ ಮೊದಲೇ ಉದುರಿಹೋಗಿ ಗಿಡ ಶುದ್ಧವಾಗಿ ಕಾಣುತ್ತಿರಬಹುದು. ಉದುರಿದ ಎಲೆಯ ಗುರುತನ್ನೂ ಎಣಿಸಿ.

---

ಬೀಜದ ಮರ

ಎರಡನೇ ಪ್ರಶ್ನೆಗೆ ನಾನು ಹೇಳ್ತೀನಿ. ಬೀಜದಿಂದ ಆರಿಸೋದು ಸಾಧ್ಯ, ಮತ್ತು ನಿಜವಾದ ವೈವಿಧ್ಯ ಇರೋದು ಅಲ್ಲೇ.

ಹಿಪ್ಪುನೇರಳೆಯಲ್ಲಿ ಸಾಮಾನ್ಯವಾಗಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ, ಪರಾಗ ಗಾಳಿಯಲ್ಲಿ ಹೋಗುತ್ತೆ. ತಲೆತಲಾಂತರದಿಂದ ಪರಕೀಯ ಪರಾಗಸ್ಪರ್ಶವೇ ಆಗಿರೋದರಿಂದ ಪ್ರತಿ ಗಿಡದ ಒಳಗೂ ಜೀನ್‌ಗಳು ಬೆರಕೆಯಾಗಿವೆ. ಬೇರೆ ಬೆಳೆಯಲ್ಲಿ ಸಂಕರದ ಎರಡನೇ ಪೀಳಿಗೆಯಲ್ಲಿ ಒಡೆಯುವ ಗುಣಗಳು ಇಲ್ಲಿ ಮೊದಲನೇ ಪೀಳಿಗೆಯಲ್ಲೇ ಒಡೆದು ಬರುತ್ತವೆ. ಎಸ್-34 ಮತ್ತು ವಿ-1 ಎರಡೂ ಎಸ್-30 ಮತ್ತು ಸಿ-776ರ ಮಕ್ಕಳೇ. ಒಂದು ಮಳೆಯಾಶ್ರಿತ ಕಪ್ಪು ಮಣ್ಣಿಗೆ ಹೊಂದಿತು, ಇನ್ನೊಂದು ನೀರಾವರಿ ತೋಟವನ್ನು ಆಳುತ್ತಿದೆ. ಒಂದೇ ತಂದೆತಾಯಿಯ ಬೀಜದಲ್ಲಿ ಇಷ್ಟು ದೂರದ ಎರಡು ಗುಣ ಸಿಕ್ಕಿವೆ ಅನ್ನೋದನ್ನು ಮರೆಯಬೇಡಿ. ಕಣ್ವ-2 ಕೂಡ ಮೈಸೂರು ನಾಟಿಯ ಬೀಜದ ಸಸಿಗಳಲ್ಲಿ ಆರಿಸಿದ್ದು. ಎಸ್-36 ಮಾತ್ರ ಬೇರೆ ದಾರಿ: ಬರ್ಹಾಂಪುರ ನಾಟಿಗೆ ಇಎಂಎಸ್ ರಾಸಾಯನಿಕ ಕೊಟ್ಟು ಮ್ಯುಟೇಶನ್ ಮಾಡಿ ತೆಗೆದದ್ದು.

ಒಳ್ಳೆಯ ಗಿಡ ಸಿಕ್ಕಿದ ಮೇಲೆ ಕಡ್ಡಿಯಿಂದ ಹರಡೋದರಿಂದ ಅದರ ಗುಣ ಪೂರ್ತಿ ಹಾಗೇ ನಿಲ್ಲುತ್ತೆ. ಅದೇ ಗಿಡದ ಬೀಜ ಬಿತ್ತಿದರೆ ಮತ್ತೆ ಒಡೆಯುತ್ತೆ. ಹಿಪ್ಪುನೇರಳೆ ತಳಿ ಕೆಲಸದ ಅನುಕೂಲ ಇದೇ: ವೈವಿಧ್ಯ ಬೇಕಾದಾಗ ಬೀಜ, ಅದನ್ನು ಹಿಡಿದಿಡಬೇಕಾದಾಗ ಕಡ್ಡಿ.

ಕೆಲಸದ ಕ್ರಮ ಬರೀತೀನಿ. ಪದೇ ಪದೇ ಕಟಾವು ಮಾಡುವ ಪೊದೆಯಲ್ಲಿ ಹೂ ಸರಿಯಾಗಿ ಬರಲ್ಲ, ಹೆಣ್ಣು ಗಿಡ ಎರಡು, ಗಂಡು ಗಿಡ ಎರಡು ಮರವಾಗಿ ಬಿಡಿ. ನವೆಂಬರ್-ಡಿಸೆಂಬರ್‌ನಲ್ಲಿ ರೆಂಬೆ ಕತ್ತರಿಸಿದರೆ ಹೊಸ ಚಿಗುರಿನ ಜೊತೆ ಹೂಗೊಂಚಲು ಬರುತ್ತೆ. ಗಂಡು ಗಿಡವನ್ನು ಹತ್ತು ದಿನದ ಅಂತರದಲ್ಲಿ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಕತ್ತರಿಸಿ, ಆಗ ಹೆಣ್ಣು ಹೂ ಸಿದ್ಧವಾದಾಗ ಪರಾಗ ಇಲ್ಲ ಅನ್ನೋ ತೊಂದರೆ ಆಗಲ್ಲ. ಹೆಣ್ಣು ಗೊಂಚಲಿನ ಎಳೆಗಳು ಬಿಳಿಯಾಗಿ ಕವಲೊಡೆಯುವ ಮೊದಲೇ ಬಟರ್ ಪೇಪರ್ ಚೀಲ ಕಟ್ಟಿ. ಕವಲೊಡೆದು ಹೊಳೆಯತೊಡಗಿದಾಗ, ಬೆಳಿಗ್ಗೆ ಗಂಡು ಗೊಂಚಲನ್ನು ಕಾಗದದ ಮೇಲೆ ಬಿಡಿಸಿ ಉದುರಿದ ಹಳದಿ ಪುಡಿಯನ್ನು ಕುಂಚದಿಂದ ಹಚ್ಚಿ, ಮತ್ತೆ ಚೀಲ ಕಟ್ಟಿ. ಎರಡು-ಮೂರು ದಿನ ಹೀಗೇ ಮಾಡಿ. ಎಳೆ ಒಣಗಿ ಕಂದಾದ ಮೇಲೆ ಚೀಲ ತೆಗೆದು ಬಲೆ ಹಾಕಿ, ಇಲ್ಲದಿದ್ದರೆ ಪಿಕಳಾರ ಒಂದು ಹಣ್ಣೂ ಬಿಡಲ್ಲ. ನಮ್ಮ ಕಡೆ ಈ ಹೊತ್ತಿಗೆ ಮಳೆ ಇರಲ್ಲ, ಅದು ದೊಡ್ಡ ಅನುಕೂಲ.

ಚೀಲ ಕಟ್ಟದೆ ಹಾಗೇ ಬಿಟ್ಟ ಹಣ್ಣಿನ ಬೀಜವೂ ಬಳಸಬಹುದು, ಆದರೆ ಊರೆಲ್ಲ ವಿ-1 ಒಂದೇ ಇದ್ದರೆ ಬೇರೆ ಪರಾಗ ಸಿಗಲ್ಲ. ಪರಾಗ ಇಲ್ಲದೆಯೂ ಹಣ್ಣು ಕಟ್ಟುತ್ತೆ, ಬೀಜ ಮಾತ್ರ ಜೊಳ್ಳು. ಹಣ್ಣನ್ನು ನೀರಲ್ಲಿ ಕಿವುಚಿ, ತೇಲಿದ್ದನ್ನು ಚೆಲ್ಲಿ, ಮುಳುಗಿದ್ದನ್ನು ನೆರಳಲ್ಲಿ ಒಣಗಿಸಿ ಕೂಡಲೇ ಬಿತ್ತಿ. ಮನೆಯ ಬಿಸಿಗೆ ಇಟ್ಟರೆ ಮೊಳಕೆ ಶಕ್ತಿ ಬೇಗ ಇಳಿಯುತ್ತೆ. ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಸಮಪಾಲು, ಬೀಜ ಮುಚ್ಚುವಷ್ಟೇ ತೆಳು ಮಣ್ಣು, ಹತ್ತು-ಹದಿನೈದು ದಿನಕ್ಕೆ ಮೊಳಕೆ. ಏಪ್ರಿಲ್ ಒಳಗೆ ಬಿತ್ತಿದರೆ ಮಳೆ ಹಿಡಿಯುವ ಹೊತ್ತಿಗೆ ಕಾಂಡ ಗಟ್ಟಿಯಾಗಿರುತ್ತೆ. ತಡವಾದರೆ ಜೂನ್ ಮಳೆಯಲ್ಲಿ ಬುಡ ಕೊಳೆತು ಮಡಿಯೇ ಹೋಗುತ್ತೆ.

ಇನ್ನು ಆಯ್ಕೆ. 300 ಸಸಿಯಲ್ಲಿ ಕುಂಟಿದವು, ಸೀಳೆಲೆ, ಬೂದಿ ರೋಗ ತಗುಲಿದವನ್ನು ಮಡಿಯಲ್ಲೇ ತೆಗೆಯಿರಿ. ಉಳಿದದ್ದನ್ನು ನೆಟ್ಟು ಒಂದು ವರ್ಷದ ಮೇಲೆ ಉತ್ತಮ 15 ಇಟ್ಟುಕೊಳ್ಳಿ. ಆದರೆ ಒಂಟಿ ಗಿಡದ ತೂಕ ನಂಬಬೇಡಿ. ಉದಾಹರಣೆಗೆ ಸಸಿಗಳ ಸರಾಸರಿ ಸೊಪ್ಪು 800 ಗ್ರಾಂ, ನೀವು ಆರಿಸಿದ್ದು 1,200 ಗ್ರಾಂ, ಆ ಜಾಗದಲ್ಲಿ ಸೊಪ್ಪಿನ ಆನುವಂಶೀಯತೆ (ವ್ಯತ್ಯಾಸದಲ್ಲಿ ತಳಿಯಿಂದ ಬಂದ ಪಾಲು) 0.4 ಅಂತಿಟ್ಟುಕೊಳ್ಳಿ. 400 ಗ್ರಾಂ ಹೆಚ್ಚಳದಲ್ಲಿ ತಳಿಯ ಪಾಲು 160 ಮಾತ್ರ, ಅದರ ಕಡ್ಡಿಯಿಂದ ಬೆಳೆದ ಗಿಡಗಳ ಸರಾಸರಿ 960ರ ಹತ್ತಿರ ನಿಲ್ಲುತ್ತೆ. ಅದಕ್ಕೇ ಹದಿನೈದಕ್ಕೂ ಕಡ್ಡಿ ಮಾಡಿ ವಿ-1 ಜೊತೆ ಜೋಡಿ ಪರೀಕ್ಷೆಗೆ ಹಾಕಬೇಕು. ಸಂಸ್ಥೆಗಳಲ್ಲಿ ಸಸಿ ಸಾಲು, ಪ್ರಾಥಮಿಕ ಇಳುವರಿ, ಅಂತಿಮ ಇಳುವರಿ, ಆಮೇಲೆ ಬೇರೆ ಬೇರೆ ಊರಿನ ಪರೀಕ್ಷೆ ಅಂತ ಹತ್ತು-ಹದಿನೈದು ವರ್ಷ ಹಿಡಿಯೋದು ಇದಕ್ಕೇ.

---

ಗೂಡು ಲೆಕ್ಕ

ಬೀಜದ ಮರ ಅವರೇ, ಕ್ರಮ ಒಪ್ಪುತ್ತೀನಿ. ಆದರೆ ಒಂದೂವರೆ ಎಕರೆಯಲ್ಲಿ ಹುಳು ಸಾಕಿ ಬದುಕುವವರು 300 ಸಸಿಗೆ ಜಾಗ, ನೀರು ಕೊಟ್ಟು ಐದಾರು ವರ್ಷ ಕಾಯಬೇಕು ಅನ್ನೋದು ನನಗೆ ಸರಿ ಕಾಣಲ್ಲ. ಸಂಸ್ಥೆಗಳು ಬಿಡುಗಡೆ ಮಾಡಿರುವ ತಳಿ ನಾಲ್ಕೈದು ತಂದು ತಮ್ಮ ಮಣ್ಣಲ್ಲೇ ಹತ್ತು ಹತ್ತು ಗಿಡ ಹೋಲಿಸಿದರೆ ಎರಡು ವರ್ಷಕ್ಕೆ ಉತ್ತರ ಸಿಗುತ್ತೆ.

---

ಬೀಜದ ಮರ

ಬಿಡುಗಡೆಯಾದ ತಳಿ ಮೊದಲು ನೋಡಬೇಕು, ನಿಜ. ಆದರೆ ಅವುಗಳ ಪರೀಕ್ಷೆ ಬಹುಪಾಲು ಮೈಸೂರು, ಬೆಂಗಳೂರು ಕಡೆಯ ಬಯಲಿನಲ್ಲಿ ನಡೆದದ್ದು. ಘಟ್ಟದ ಮಳೆ, ಹುಳಿ ಮಣ್ಣು, ಮೋಡದ ಬೆಳಕಿಗೆ ಆರಿಸಿದ ಗಿಡ ಬೇಕಾದರೆ ಇಲ್ಲೇ ಯಾರಾದರೂ ಬೀಜ ಬಿತ್ತಲೇಬೇಕು. ಇಬ್ಬರು ಮೂವರು ಬೆಳೆಗಾರರು ಸೇರಿ ನೂರು ನೂರು ಸಸಿ ಹಂಚಿಕೊಂಡರೆ ಭಾರ ಆಗಲ್ಲ.

---

ಮೂರ್ನಾಡು ಮಳೆ

ಭಾವನವರ ಅರ್ಧ ಎಕರೆ ಬಗ್ಗೆ. ಅಲ್ಲಿ ಮಳೆ ತೊರೆನೂರಿನ ಎರಡು ಪಟ್ಟಿಗೂ ಹೆಚ್ಚು, ಮಣ್ಣಿನ ಹುಳಿಯೂ ಹೆಚ್ಚು. ತೊರೆನೂರಿನಲ್ಲಿ ಗೆದ್ದ ಗಿಡ ಅಲ್ಲೂ ಗೆಲ್ಲುತ್ತೆ ಅಂತ ಹೇಳಲಾಗದು. ತಳಿಗಳ ಕ್ರಮಾಂಕವೇ ಜಾಗ ಬದಲಾದರೆ ಬದಲಾಗುತ್ತೆ. ನೆರಳಿಗೆ ಬೇಕಾದ ಗಿಡವನ್ನು ನೆರಳಲ್ಲೇ ಪರೀಕ್ಷಿಸಬೇಕು.

ನೆರಳಲ್ಲಿ ವಿ-1 ಗೆಣ್ಣು ಉದ್ದ ಬಿಡುತ್ತೆ, ಎಲೆ ತೆಳುವಾಗುತ್ತೆ, ನೀರು ಹೆಚ್ಚಿ ಸಕ್ಕರೆ ಅಂಶ ಇಳಿಯುತ್ತೆ. ಆ ಸೊಪ್ಪು ತಿಂದ ಹುಳು ಮಳೆಗಾಲದಲ್ಲಿ ಬೇಗ ರೋಗಕ್ಕೆ ಬೀಳುತ್ತೆ. ಹಾಗಾಗಿ ಅಲ್ಲಿ ನೋಡಬೇಕಾದ ಗುಣ ಎಲೆಯ ಅಗಲ ಅಲ್ಲ. ನೆರಳಲ್ಲೂ ಗೆಣ್ಣಿನ ಅಂತರ ಎಷ್ಟು ಕಡಿಮೆ ಉಳಿಯಿತು, ನೂರು ಗ್ರಾಂ ಸೊಪ್ಪಿಗೆ ಒಣ ಅಂಶ ಎಷ್ಟು, ಎಲೆ ಚುಕ್ಕೆ ಸೂಚ್ಯಂಕ ಎಷ್ಟು, ಇವು ಮೂರು ಮೊದಲು. ಚಳಿಗಾಲದಲ್ಲಿ ಎಲೆಯಡಿ ಬೂದಿ ರೋಗ ನೋಡಿ. ಸಹನಾ ಅನ್ನೋ ತಳಿ ತೆಂಗಿನ ತೋಟದ ನೆರಳಿಗೆಂದೇ ಶಿಫಾರಸಾದದ್ದು, ಕಣ್ವ-2 ಮತ್ತು ಕೊಸೆನ್ ಸಂಕರ. ಅದನ್ನು ವಿ-1 ಪಕ್ಕ ಹತ್ತು ಜೋಡಿ ಹಾಕಿ ನೋಡಲಿ. ತೆಂಗಿನ ನೆರಳು ಚದುರಿ ಬೀಳುತ್ತೆ, ದಟ್ಟ ಓಕ್ ಸಾಲಿನ ನೆರಳು ಹಾಗಲ್ಲ, ಆದ್ದರಿಂದ ಪಕ್ಕದ ಓಕ್ ರೆಂಬೆ ಸವರಲೇಬೇಕು. ಮರದಡಿಯಲ್ಲೇ ಹಾಕೋದಾದರೆ ಯಾವ ತಳಿಯೂ ಬೇಡ.

ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಹಾಕಿದ ಮೇಲೆಯೇ ಹೋಲಿಕೆ ಶುರುಮಾಡಲಿ. ಹಿಪ್ಪುನೇರಳೆಗೆ ಪಿಎಚ್ 6.2ರಿಂದ 6.8 ಬೇಕು, ಕಾಫಿ ತೋಟದ ಮಣ್ಣು ಎಷ್ಟೋ ಕಡೆ ಅದಕ್ಕಿಂತ ಕೆಳಗಿರುತ್ತೆ. ಅರ್ಧ ಸಾಲಿಗೆ ಸುಣ್ಣ ಬಿದ್ದು ಅರ್ಧಕ್ಕೆ ಬೀಳದಿದ್ದರೆ ಪರೀಕ್ಷೆಯೇ ವ್ಯರ್ಥ.

ತಳಿಗಿಂತ ದೊಡ್ಡ ಅಪಾಯ ಇನ್ನೊಂದಿದೆ. ಕಾಫಿಗೆ ಕಾಂಡಕೊರಕ, ಕಾಯಿಕೊರಕಕ್ಕೆ ಹೊಡೆಯುವ ಕೀಟನಾಶಕ ಗಾಳಿಯಲ್ಲಿ ಬಂದು ಸೊಪ್ಪಿನ ಮೇಲೆ ಕೂತರೆ ಹುಳು ಒಂದೂ ಉಳಿಯಲ್ಲ. ಮಳೆಗೆ ಮೊದಲು ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯುವಾಗಲೂ ಅಂಚಿನ ಸಾಲಿನ ಸೊಪ್ಪು ಹುಳುವಿಗೆ ಹಾಕಬಾರದು. ಪಕ್ಕದ ತೋಟದವರು ಯಾವಾಗ ಹೊಡೆಯುತ್ತಾರೆ ಅಂತ ಮೊದಲೇ ಕೇಳಿಕೊಂಡು ಚಾಕಿ ಕಟ್ಟಬೇಕು. ಇದಕ್ಕೆ ಒಪ್ಪಂದ ಆಗದಿದ್ದರೆ ಆ ಅಂಚಿನಲ್ಲಿ ಹಿಪ್ಪುನೇರಳೆ ಬೇಡ ಅಂತಲೇ ನಾನು ಹೇಳೋದು.

---

ತೊರೆನೂರು ಬಯಲು

ಎಲ್ಲರಿಗೂ ತುಂಬ ಧನ್ಯವಾದ. ಮೂರು ಗಿಡವನ್ನು ಕಟಾವು ಮಾಡದೆ ಬಿಟ್ಟಿದ್ದೀನಿ, ಪಕ್ಕದ ಸಾಧಾರಣ ಮೂರನ್ನೂ ಬಿಟ್ಟೆ. ಒಂದು ಸಣ್ಣ ಅನುಮಾನ: ಆರಿಸಿದ ಮೂರರಲ್ಲೊಂದರ ಎಲೆ ಬಹಳ ದಪ್ಪ, ಮುರಿದರೆ ಪಟ್ ಅನ್ನುತ್ತೆ, ಬೆಳವಣಿಗೆ ಮಾತ್ರ ನಿಧಾನ. ಅದೂ ಪರೀಕ್ಷೆಗೆ ಬೇಕಾ?

---

ಬೀಜದ ಮರ

ಬೇಕು, ಆದರೆ ಬೇರೆ ಕಾರಣಕ್ಕೆ. ಹಿಪ್ಪುನೇರಳೆಯಲ್ಲಿ ಸಾಧಾರಣವಾಗಿ 28 ವರ್ಣತಂತು. ಅದು ದುಪ್ಪಟ್ಟಾಗಿ 56 ಆದ ಗಿಡದ ಎಲೆ ದಪ್ಪ, ಪೆಡಸು, ಬೆಳವಣಿಗೆ ನಿಧಾನ. ಅಂಥ ಗಿಡ ನೇರ ಹುಳುವಿಗೆ ಅಷ್ಟು ಒಗ್ಗಲ್ಲ, ಆದರೆ ಅದನ್ನು 28ರ ಗಿಡದ ಜೊತೆ ಸಂಕರ ಮಾಡಿದರೆ 42 ವರ್ಣತಂತಿನ ತ್ರಿಗುಣಿ ಬರುತ್ತೆ. ಬಂಗಾಳದ ಕಡೆ ಬೆಳೆಯುವ ಎಸ್-1635 ಅಂಥದ್ದೇ ತ್ರಿಗುಣಿ. ತಾನಾಗಿ ದುಪ್ಪಟ್ಟಾಗೋದು ಬಹಳ ಅಪರೂಪ, ಅದಕ್ಕೇ ಮೊದಲು ಖಚಿತ ಮಾಡಿಕೊಳ್ಳಿ. ಎಲೆಯ ಅಡಿಭಾಗದ ತೆಳು ಸಿಪ್ಪೆ ಸುಲಿದು ಒಂದು ಹನಿ ಅಯೋಡಿನ್ ಹಾಕಿ, ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಪತ್ರರಂಧ್ರದ ಕಾವಲು ಕೋಶದ ಒಳಗಿನ ಹರಿತ್ತಿನ ಕಣಗಳನ್ನು ಎಣಿಸಿ, 20 ರಂಧ್ರದ್ದಾದರೂ ಬೇಕು. ಅದೇ ದಿನ ಸಾಧಾರಣ ವಿ-1ರ ಅದೇ ಎತ್ತರದ ಎಲೆಯಲ್ಲೂ ಎಣಿಸಿ. ರಂಧ್ರ ದೊಡ್ಡದಾಗಿ, ಒಂದೇ ಅಳತೆಯ ಜಾಗದಲ್ಲಿ ಅವುಗಳ ಸಂಖ್ಯೆ ಕಡಿಮೆಯಾಗಿ, ಕಣಗಳ ಎಣಿಕೆ ಸ್ಪಷ್ಟವಾಗಿ ಹೆಚ್ಚಿದ್ದರೆ ಆ ರೆಂಬೆಯ ಪ್ರತಿ ಕಣ್ಣಿನ ತುಂಡಿಗೂ ಬೇರೆ ಬೇರೆ ಚೀಟಿ ಕಟ್ಟಿ ಮಡಿಗೆ ಹಾಕಿ. ಎಲ್ಲ ಕಣ್ಣೂ ಬದಲಾಗಿರಲ್ಲ, ಯಾವ ಕಣ್ಣಿನ ಸಸಿ ಯಾವುದು ಅಂತ ಗೊತ್ತಿಲ್ಲದಿದ್ದರೆ ಬದಲಾದದ್ದು ಉಳಿದವುಗಳ ನಡುವೆ ಬೆರೆತುಹೋಗುತ್ತೆ.